ಫ್ಯಾಷನ್ ಕೆಲ್ಸ ಮಾಡ್ಕೊಂಡು ವಿಶ್ವಾಸದಲ್ಲಿ ನಿಲ್ಲೋಕೆ ಆಗುತ್ತಾ?

ಸೂಜಿಮೊನೆ:

ಎಲ್ರಿಗೂ ನಮಸ್ಕಾರ. ಇದನ್ನ ಮೂರ್ನಾಲ್ಕು ಸಲ ಟೈಪ್ ಮಾಡಿ ಅಳಿಸಿದೀನಿ, ಇವತ್ತು ಕೇಳೇ ಬಿಡ್ತೀನಿ. ನಾನು ಫ್ಯಾಷನ್ ಡಿಸೈನ್ ಓದಿ ಎರಡು ವರ್ಷದಿಂದ ಒಂದು ಬ್ರ್ಯಾಂಡ್‌ನಲ್ಲಿ ಅಸಿಸ್ಟೆಂಟ್ ಡಿಸೈನರ್ ಆಗಿದೀನಿ. ಹುಟ್ಟಿದಾಗಿಂದ ಚರ್ಚ್‌ನಲ್ಲೇ ಬೆಳೆದೋಳು, ಸಂಡೇ ಸ್ಕೂಲು, ಕ್ವಾಯರ್ರು ಎಲ್ಲಾ. ಬಟ್ಟೆ ಮೇಲಿನ ಪ್ರೀತಿ ನಂಗೆ ಹುಟ್ಟಿದ್ದೂ ಅಲ್ಲೇ, ಆಲ್ಟರ್ ಮೇಲೆ ಹಾಸ್ತಿದ್ದ ಬಿಳಿ ಬಟ್ಟೆಯ ಅಂಚಲ್ಲಿ ಕಸೂತಿ ಇರ್ತಿತ್ತು, ಪ್ರಸಂಗ ನಡೀವಾಗ ಅದನ್ನೇ ನೋಡ್ತಾ ಕೂತಿರ್ತಿದ್ದೆ, ಯಾವ ಹೊಲಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ.

ಹೋದ ತಿಂಗಳು ಪ್ರಾರ್ಥನಾ ಕೂಟದಲ್ಲಿ ಹಿರಿಯರೊಬ್ರು ಏನು ಕೆಲ್ಸ ಮಗಳೇ ಅಂದ್ರು, ಹೇಳ್ದೆ. ಲೋಕದ ಆಡಂಬರಕ್ಕೆ ದುಡಿಯೋ ಕೈಯಿಂದ ದೇವರ ಸೇವೆ ಹೇಗಾಗುತ್ತೆ ಅಂತ ಎಲ್ಲರ ಮುಂದೇನೇ ಕೇಳಿದ್ರು, ಹೆಂಗಸರು ಮಾನವಾಗಿ ಉಡಬೇಕು ಅನ್ನೋ ಬೈಬಲ್ ವಚನ, 1 ತಿಮೊಥೆಯ 2:9, ನನ್ ಕೈಲೇ ಓದಿಸಿದ್ರು. ಓದ್ತಾ ಓದ್ತಾ ಧ್ವನಿ ನಡುಗಿ ಹೋಯ್ತು. ಆವತ್ತಿಂದ ಕ್ವಾಯರ್‌ಗೆ ಹೋಗೋಕೆ ಮನಸ್ಸೇ ಬರ್ತಿಲ್ಲ.

ಇನ್ನೊಂದ್ ಕಡೆ ಆಫೀಸ್. ಮುಂದಿನ ಸೀಸನ್‌ಗೆ ಮೂಡ್ ಬೋರ್ಡ್ ಹಾಕಿದಾರೆ, ಅಂದ್ರೆ ಡಿಸೈನ್‌ಗೆ ಸ್ಫೂರ್ತಿ ಕೊಡೋ ಚಿತ್ರಗಳ ಹಲಗೆ, ತುಂಬಾ ಶಿಲುಬೆ, ಜಪಮಾಲೆ, ಬಣ್ಣದ ಗಾಜಿನ ಕಿಟಕಿ. ನಂಗೆ ಬಂದಿರೋ ಕೆಲ್ಸ ಮುಳ್ಳಿನ ಕಿರೀಟದ ಒಂದು ಪ್ರಿಂಟ್ ಮಾಡೋದು, ಶಾರ್ಟ್ಸ್ ಮೇಲೆ ಬರುತ್ತಂತೆ. ಪೆನ್ ಹಿಡಿದ್ರೆ ಕೈ ಓಡ್ತಿಲ್ಲ. ಟೀಮಲ್ಲಿ ಯಾರಿಗೂ ಇದು ಯಾಕೆ ಕಷ್ಟ ಅಂತಾನೇ ಅರ್ಥ ಆಗಲ್ಲ, ಅವ್ರ ಪಾಲಿಗೆ ಅದೊಂದು ಶೇಪ್ ಅಷ್ಟೆ.

ಚರ್ಚ್‌ನಲ್ಲಿ ನಾನು ಲೋಕದೋಳು, ಆಫೀಸಲ್ಲಿ ನಾನು ಅತೀ ಧರ್ಮದೋಳು. ಕೇಳ್ಬೇಕಾಗಿರೋದು ಎರಡು. ಈ ಕೆಲ್ಸಾನೇ ತಪ್ಪಾ? ಮತ್ತೆ ನಮ್ಮ ಗುರುತುಗಳನ್ನ ಬಟ್ಟೆ ಮೇಲೆ ಡಿಸೈನ್ ಮಾಡಿ ಮಾರೋದಕ್ಕೆ ಗಡಿ ಎಲ್ಲಿದೆ? ಕೆಲ್ಸ ಬಿಡು, ಬೇರೆ ನೋಡ್ಕೋ ಅನ್ನೋದಾದ್ರೂ ಸರಿ, ಯಾಕೆ ಅಂತ ಬಿಡಿಸಿ ಹೇಳಿ ಪ್ಲೀಸ್.

ಹಳೇಪುಟ:

ತಂಗೀ, ಮೊದಲು ಒಂದು ಮಾತು, ಎಲ್ಲರ ಮುಂದೆ ನಿಮ್ಮನ್ನ ಹಾಗೆ ನಿಲ್ಲಿಸಿದ್ದು ತಪ್ಪು, ಆ ಹಿರಿಯರು ಎಷ್ಟೇ ದೊಡ್ಡೋರಾಗಿರ್ಲಿ.

ನಾನು ಚರ್ಚ್ ಇತಿಹಾಸ ಓದೋ ಹುಚ್ಚಿರೋನು, ಆ ಕಡೆಯಿಂದ ಹೇಳ್ತೀನಿ. ಚರ್ಚು ಈ ಕಡೆ, ಫ್ಯಾಷನ್ನು ಆ ಕಡೆ ಅನ್ನೋದೇ ಸರಿಯಿಲ್ಲ, ಇವೆರಡೂ ಮೊದಲಿಂದ ಒಂದೇ ಮಗ್ಗದಲ್ಲಿ ನೇಯ್ಕೊಂಡು ಬಂದಿವೆ. ಫಾದರ್‌ಗಳು ಬಲಿಪೂಜೆ ಹೊತ್ತಲ್ಲಿ ಎಲ್ಲಕ್ಕಿಂತ ಮೇಲೆ ಹಾಕ್ಕೊಳೋ ಅಗಲದ ಉಡುಪು ಇದ್ಯಲ್ಲ, ಚ್ಯಾಸುಬಲ್, ಅದು ಶುರುವಲ್ಲಿ ಪೂಜೆ ಬಟ್ಟೆ ಆಗಿರ್ಲೇ ಇಲ್ಲ. ರೋಮನ್ ಕಾಲದ ಜನ ಪ್ರಯಾಣ ಹೋಗುವಾಗ ಮಳೆ ಚಳಿಗೆ ಹೊದ್ಕೊಳ್ತಿದ್ದ ಹೊದಿಕೆ ಅದು, ಕಾಸುಲಾ ಅಂದ್ರೆ ಪುಟ್ಟ ಮನೆ ಅಂತ ಅರ್ಥ. ಒಳಗಿನ ಬಿಳಿ ಆಲ್ಬ್ ಕೂಡ ಅವ್ರ ದಿನನಿತ್ಯದ ಉದ್ದ ಅಂಗಿ, ತೂನಿಕಾ. ಆಮೇಲೆ ಜನರ ಉಡುಪು ಬದಲಾಯ್ತು, ಗಿಡ್ಡ ಆಯ್ತು, ಪಾದ್ರಿಗಳು ಹಳೇದನ್ನೇ ಇಟ್ಕೊಂಡ್ರು, ಹಾಗೆ ಉಳ್ಕೊಂಡಿದ್ದೇ ಪವಿತ್ರ ವಸ್ತ್ರ ಆಯ್ತು. 428ರಲ್ಲಿ ಪೋಪ್ ಸೆಲೆಸ್ಟೀನ್ ಬಿಷಪ್‌ಗಳಿಗೆ ಒಂದು ಕಾಗದ ಬರೆದು, ನಾವು ಜನರಿಗಿಂತ ಬೇರೆಯಾಗಿ ಕಾಣ್ಬೇಕಾದ್ದು ಬೋಧನೆಯಿಂದ, ಬಟ್ಟೆಯಿಂದಲ್ಲ ಅಂತ ಬೈದಿದ್ದಾರೆ. ಅಂದ್ರೆ ಆಗ್ಲೇ ಬಟ್ಟೆಯಿಂದ ಬೇರೆ ಕಾಣೋರು ಶುರುವಾಗಿದ್ರು. 1215ರಲ್ಲಿ ರೋಮಿನಲ್ಲಿ ಸೇರಿದ ಚರ್ಚ್ ನಾಯಕರ ಲ್ಯಾಟರನ್ ಮಹಾಸಭೆ ಪಾದ್ರಿಗಳು ಕೆಂಪು ಹಸಿರು ಬಟ್ಟೆ ಹಾಕ್ಬಾರ್ದು, ಕಸೂತಿ ಗ್ಲೌಸ್ ಬೇಡ, ಚೂಪು ಮೂತಿಯ ಶೂ ಬೇಡ ಅಂತ ನಿಯಮಾನೇ ಮಾಡ್ತು. ಅದೇ ಸಭೆ ಯೆಹೂದ್ಯರೂ ಮುಸ್ಲಿಮರೂ ಗುರುತು ಸಿಗೋ ಹಾಗೆ ಬೇರೆ ಉಡುಪು ಹಾಕ್ಬೇಕು ಅಂತಾನೂ ಹೇಳ್ತು, ಅದನ್ನ ಓದಿದಾಗೆಲ್ಲ ನಂಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ, ಬಟ್ಟೆ ಬಗ್ಗೆ ಚರ್ಚ್ ಮಾಡಿರೋ ಪಾಪಗಳಲ್ಲಿ ಸ್ಕರ್ಟಿನ ಉದ್ದದ ವಿಷ್ಯ ತೀರಾ ಸಣ್ಣದು.

ವಿರೋಧನೂ ಅಷ್ಟೇ ಹಳೇದು. ಕಾರ್ಥೇಜಿನ ಕ್ರೈಸ್ತ ಬರಹಗಾರ ತೆರ್ತುಲಿಯನ್ 200ನೇ ಇಸವಿ ಆಸುಪಾಸಲ್ಲಿ ಹೆಂಗಸರ ಅಲಂಕಾರದ ಮೇಲೇ ಒಂದು ಪುಸ್ತಕ ಬರೆದ, ದೇವರಿಗೆ ಬಣ್ಣದ ಉಣ್ಣೆ ಬೇಕಿದ್ರೆ ಕುರಿಗಳನ್ನೇ ಧೂಮ್ರವರ್ಣದಲ್ಲಿ, ಅಂದ್ರೆ ನೇರಳೆ ಬಣ್ಣದಲ್ಲಿ, ಹುಟ್ಟಿಸ್ತಿರ್ಲಿಲ್ವಾ ಅನ್ನೋದು ಅವನ ವಾದ. ನಂಗೆ ಈ ವಾದ ಯಾವತ್ತೂ ಒಪ್ಪಿಗೆ ಆಗಿಲ್ಲ. ಬೈಬಲ್ಲಿನ ವಿಮೋಚನಕಾಂಡದಲ್ಲಿ ಅದೇ ದೇವರು ಮಹಾಯಾಜಕ ಆರೋನನ ಉಡುಪಿಗೆ ನೀಲಿ ಧೂಮ್ರ ಕೆಂಪು ದಾರ ಬೇಕು, ಗೌರವಕ್ಕೂ ಅಂದಕ್ಕೂ ಅದನ್ನ ಮಾಡಿಸು ಅಂತ ಅಧ್ಯಾಯಗಟ್ಟಲೆ ಹೇಳ್ತಾನೆ, ಹೊಲಿಯೋರಿಗೆ ಜಾಣ್ಮೆ ಕೊಟ್ಟೋನು ನಾನೇ ಅಂತಾನೆ.

ಇನ್ನು ನಿಮ್ಮ ಕಸುಬಿನೋರು. ಬೈಬಲ್ಲಲ್ಲಿ, ಫಿಲಿಪ್ಪಿ ಊರಲ್ಲಿ ಅಪೊಸ್ತಲ ಪೌಲನ ಮಾತು ಕೇಳಿ ನಂಬಿದ ಲುದ್ಯ ಧೂಮ್ರವರ್ಣದ ಬಟ್ಟೆ ಮಾರ್ತಿದ್ದೋಳು, ಆ ಕಾಲಕ್ಕೆ ಅದು ಶ್ರೀಮಂತರ ಸರಕು, ನಂಬಿದ್ಮೇಲೆ ವ್ಯಾಪಾರ ಬಿಡು ಅಂತ ಪೌಲ ಹೇಳಿದ್ದು ಎಲ್ಲೂ ಇಲ್ಲ, ಅವಳ ಮನೇಲೇ ಉಳ್ಕೊಂಡ. ಬೈಬಲ್ಲಿನ ಇನ್ನೊಬ್ಬಳು ತಬಿಥಾ ಸತ್ತಾಗ ವಿಧವೆಯರು ಅಳ್ತಾ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದು ಕೊಟ್ಟ ಅಂಗಿಗಳನ್ನ. ಇಟಲಿಯ ಕ್ರೆಮೋನಾ ಊರಿನ ಹೊಮೊಬೋನುಸ್ ಬಟ್ಟೆ ವ್ಯಾಪಾರಿ, 1199ರಲ್ಲಿ ಪೋಪ್ ಅವನನ್ನ ಸಂತ ಅಂತ ಘೋಷಿಸಿದ್ರು, ದರ್ಜಿಗಳ ಪಾಲಕ ಸಂತ ಅವನೇ. ಅಸ್ಸಿಸಿಯ ಫ್ರಾನ್ಸಿಸ್ ಮಾತ್ರ ಬೇರೆ ದಾರಿ ಹಿಡಿದ, ಅವನಪ್ಪ ಬಟ್ಟೆ ವ್ಯಾಪಾರಿ, ಬಿಷಪ್ ಎದುರಿಗೆ ಮೈಮೇಲಿನ ಬಟ್ಟೆ ಎಲ್ಲಾ ಬಿಚ್ಚಿ ಅಪ್ಪನ ಕೈಗೆ ಕೊಟ್ಟು ಹೋದ. ಒಬ್ಬ ವ್ಯಾಪಾರದಲ್ಲಿದ್ದೇ ಸಂತ ಆದ, ಇನ್ನೊಬ್ಬ ಬಿಟ್ಟು ಆದ.

ಆದ್ರೆ ನಂಗೆ ಇವ್ರೆಲ್ಲರಿಗಿಂತ ಹತ್ತಿರ ಅನ್ಸೋದು ಅಮೆರಿಕಾದ, ಸರಳ ಬದುಕಿಗೆ ಹೆಸರಾದ ಕ್ವೇಕರ್ ಅನ್ನೋ ಕ್ರೈಸ್ತ ಪಂಗಡದ ಜಾನ್ ವುಲ್ಮನ್ (1720-1772). ದರ್ಜಿ ಕೆಲ್ಸ ಮಾಡ್ತಿದ್ದ, ಅಂಗಡೀನೂ ಇತ್ತು, ಅಂಗಡಿ ಬೆಳೀತಾ ಹೋಯ್ತು, ಬೆಳೆದಷ್ಟೂ ಮನಸ್ಸಿಗೆ ಭಾರ ಆಯ್ತು ಅಂತ ಅಂಗಡಿ ಬಿಟ್ಟ, ಸೂಜಿ ಬಿಡ್ಲಿಲ್ಲ. ಗುಲಾಮಗಿರಿ ವಿರುದ್ಧ ಊರೂರು ಸುತ್ತಿದ. ಕೊಳೆ ಮುಚ್ಚೋಕೆ ಬಣ್ಣ ಹಾಕೋದು ಬೇಡ ಅಂತ ಬಣ್ಣ ಹಾಕದ ಬಟ್ಟೆ, ಬಣ್ಣ ಹಾಕದ ಟೋಪಿ ಹಾಕ್ಕೊಳೋಕೆ ಶುರು ಮಾಡಿದ. ಆದ್ರೆ ಆ ಹೊತ್ತಿಗೆ ಬಿಳಿ ಟೋಪೀನೇ ಶೋಕಿಯವರ ಫ್ಯಾಷನ್ ಆಗಿಬಿಟ್ಟಿತ್ತು, ಅವನ ಸ್ವಂತ ಸಭೆಯೋರೇ ಅನುಮಾನದಿಂದ ನೋಡಿದ್ರು, ಅವನು ನೊಂದ್ಕೊಂಡು ಅದನ್ನ ಡೈರಿಲಿ ಬರ್ಕೊಂಡಿದಾನೆ. ನಿಮ್ಮ ಕಥೆ ಓದಿದಾಗ ನಂಗೆ ಅವನೇ ನೆನಪಾಗಿದ್ದು.

ಇಕ್ಕಟ್ಟಿನದಾರಿ:

ಸಹೋದರಿ, ನಾನು ಬೇರೆ ಥರ ಹೇಳ್ತೀನಿ, ಬೇಜಾರಾಗ್ಬೇಡಿ. ಹಳೇಪುಟ ಸರ್ ಬರೆದ ಇತಿಹಾಸ ಎಲ್ಲಾ ಸರಿ, ಆದ್ರೆ ಲುದ್ಯಳ ಕಾಲದ ಬಟ್ಟೆ ವ್ಯಾಪಾರಕ್ಕೂ ಈಗಿನ ಇಂಡಸ್ಟ್ರಿಗೂ ಹೋಲಿಕೆ ಎಲ್ಲಿದೆ? ಲುದ್ಯ ಬಟ್ಟೆ ಮಾರಿದ್ಲು. ಈಗ ಮಾರೋದು ಬಟ್ಟೆ ಅಲ್ಲ, ನೀನು ಇರೋ ಹಾಗೆ ಸಾಲಲ್ಲ ಅನ್ನೋ ಭಾವನೆ.

ನಾನು ಆರು ವರ್ಷ ಜಾಹೀರಾತು ಫೋಟೋಗಳಿಗೆ ರಿಟಚಿಂಗ್ ಮಾಡ್ದೋನು. ಕಂಕುಳ ಹತ್ರ ಬರೋ ಚರ್ಮದ ಮಡಿಕೆ ತೆಗೀಬೇಕು, ಸೊಂಟ ಒಳಗೆ ತಳ್ಬೇಕು, ಮೊಣಕಾಲಿನ ಕಪ್ಪು ಅಳಿಸ್ಬೇಕು, ಕತ್ತು ಸ್ವಲ್ಪ ಉದ್ದ ಮಾಡ್ಬೇಕು. ಎದುರಿಗೆ ಇರೋದು ಹದಿನೆಂಟು ಹತ್ತೊಂಬತ್ತರ ಹುಡುಗಿ, ಆಗ್ಲೇ ಊಟ ಬಿಟ್ಟು ಸೊರಗಿರೋಳು, ಅವಳನ್ನೂ ನಾವು ತಿದ್ತಿದ್ವಿ. ದೇವರು ತನ್ನ ಸ್ವರೂಪದಲ್ಲಿ ಉಂಟುಮಾಡಿದ ದೇಹ ಅಂತ ಭಾನುವಾರ ಕೇಳಿಸ್ಕೊಂಡು ಸೋಮವಾರ ಅದೇ ದೇಹನ ತಪ್ಪು ಅಂತ ತಿದ್ದೋದು ನನ್ ಕೈಲಿ ಆಗ್ಲಿಲ್ಲ, ಬಿಟ್ಟೆ. ಸರ್ಕಾರಗಳಿಗೇ ಇದು ಕಾಣ್ತು, ಫ್ರಾನ್ಸ್‌ನಲ್ಲಿ 2017ರಿಂದ ಮಾಡೆಲ್‌ಗಳಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಮೈ ಆಕಾರ ತಿದ್ದಿದ ಜಾಹೀರಾತಿನ ಫೋಟೋ ಮೇಲೆ ತಿದ್ದಿದೀವಿ ಅಂತ ಬರೀಬೇಕು ಅಂತ ಕಾನೂನು ಇದೆ. ಲೋಕದ ಕಾನೂನಿಗೆ ಕಂಡಿದ್ದು ಸಭೆಗೆ ಕಾಣ್ಬಾರ್ದಾ?

ಪೇತ್ರನ ಪತ್ರ ಹೇಳೋದು ಜಡೆ ಹೆಣೆಯೋದು ಚಿನ್ನ ಇಡೋದು ಅಲ್ಲ ನಿಮ್ಮ ಅಲಂಕಾರ, ಒಳಗಿನ ಮನುಷ್ಯನ ಶಾಂತ ಮನಸ್ಸು ಅಂತ. ಇದು ಹೆಂಗಸರನ್ನ ಕಟ್ಟಿಹಾಕೋ ವಚನ ಅಂತ ಈಗ ಎಲ್ರೂ ಹೇಳ್ತಾರೆ, ನಂಗೆ ಅದು ಬಿಡುಗಡೆಯ ವಚನ. ನಿನ್ನ ಬೆಲೆ ಈ ಸೀಸನ್ನಿಗೆ ಕಟ್ಟಿಲ್ಲ ಅಂತ ಅದು ಹೇಳ್ತಿದೆ. ಫ್ಯಾಷನ್ನಿನ ವ್ಯಾಪಾರ ನಿಂತಿರೋದೇ ಇದರ ಉಲ್ಟಾ ಮೇಲೆ, ಹೋದ ವರ್ಷದ ಬಟ್ಟೆ ಹಾಕ್ಕೊಂಡ್ರೆ ನಾಚಿಕೆ ಆಗ್ಬೇಕು, ಆದ್ರೇನೇ ಹೊಸದು ಮಾರಾಟ ಆಗೋದು.

ಆ ಹಿರಿಯರು ಎಲ್ಲರ ಮುಂದೆ ಹೇಳಿದ್ದು ತಪ್ಪೇ, ಅದನ್ನ ಒಪ್ತೀನಿ, ಮತ್ತಾಯ 18ರಲ್ಲಿ ಮೊದಲು ಒಬ್ಬನೇ ಹೋಗಿ ಮಾತಾಡು ಅಂತಿದೆ. ಆದ್ರೆ ಅವ್ರು ಕೇಳಿದ ಪ್ರಶ್ನೆ ತಪ್ಪಲ್ಲ. ನಿಮ್ಮ ಕೈ ಆ ಪ್ರಿಂಟ್ ಮೇಲೆ ಓಡ್ತಿಲ್ಲ ಅಂದ್ರಲ್ಲ, ಆ ಕೈನ ನಂಬಿ.

ಬಿಳಿಹಾಳೆ:

ಸಿಸ್ ಕ್ವಾಯರ್ ಮಾತ್ರ ಬಿಡ್ಬೇಡಿ. ಉಳಿದಿದ್ದು ನಿಧಾನಕ್ಕೆ ಬಗೆಹರೀಲಿ, ಹಾಡೋಕೆ ಹೋಗಿ.

ಲೈನ್‌7:

ಎಲ್ರದ್ದೂ ಓದ್ದೆ. ನಾನು ಗಾರ್ಮೆಂಟ್ಸ್‌ನಲ್ಲಿ ಮರ್ಚಂಡೈಸರ್, ಅಂದ್ರೆ ಬ್ರ್ಯಾಂಡಿಗೂ ಫ್ಯಾಕ್ಟರಿಗೂ ಮಧ್ಯೆ ಆರ್ಡರ್ ನೋಡ್ಕೊಳೋನು, ಮೊದಲು ಲೈನ್ ಸೂಪರ್‌ವೈಸರ್ ಆಗಿದ್ದೆ, ಎಲ್ಲಾ ಸೇರಿ ಹತ್ತೊಂಬತ್ತು ವರ್ಷ. ನಾನು ವಿಶ್ವಾಸಿನೇ. ಒಂದು ವಿಷ್ಯ ಯಾರೂ ಎತ್ತಿಲ್ಲ, ಅದಕ್ಕೇ ಬರೀತಿದೀನಿ, ಉದ್ದ ಆದ್ರೆ ಕ್ಷಮಿಸಿ.

ಅಕ್ಕಾ, ನಿಮ್ ಕೈಲಿ ಓದಿಸಿದ ಆ 1 ತಿಮೊಥೆಯ 2:9 ಇನ್ನೊಂದ್ ಸಲ ಓದಿ. ಮಾನವಾಗಿ ಉಡಬೇಕು ಅಂತ ಹೇಳಿದ್ಮೇಲೆ ಏನು ಬೇಡ ಅಂತಿದೆ? ಜಡೆ ಹೆಣೆಯೋದು, ಚಿನ್ನ, ಮುತ್ತು, ಬೆಲೆಬಾಳೋ ಬಟ್ಟೆ. ಎಷ್ಟು ಮೈ ಕಾಣುತ್ತೆ ಅನ್ನೋದು ಆ ಪಟ್ಟಿಲೇ ಇಲ್ಲ, ಅಲ್ಲಿರೋದು ಹೆಚ್ಚಾಗಿ ದುಡ್ಡಿನ ಪ್ರದರ್ಶನ. ನಾವು ಆ ವಚನಾನ ತೋಳಿನ ಉದ್ದ ಅಳೆಯೋಕೆ ಬಳಸ್ತೀವಿ, ಮೈತುಂಬ ರೇಷ್ಮೆ ಚಿನ್ನ ಹಾಕ್ಕೊಂಡು ಮದುವೆಗೆ ಬಂದೋರಿಗೆ ಯಾರೂ ಅದನ್ನ ಓದಿಸಲ್ಲ. ಯಾಕೋಬನ ಪತ್ರದ 2ನೇ ಅಧ್ಯಾಯನೂ ಅದೇ ಹೇಳೋದು, ಚಿನ್ನದ ಉಂಗುರ ಒಳ್ಳೇ ಬಟ್ಟೆ ಹಾಕ್ಕೊಂಡು ಬಂದೋನಿಗೆ ಒಳ್ಳೇ ಜಾಗ, ಹರಕು ಬಟ್ಟೆಯೋನಿಗೆ ಅಲ್ಲಿ ನಿಂತ್ಕೋ ಅಂತೀರಲ್ಲ ಅಂತ ಬೈತಾನೆ. ಅದೇ ಪತ್ರದ 5:4ರಲ್ಲಿ, ಕೆಲ್ಸ ಮಾಡಿಸ್ಕೊಂಡು ನೀವು ಹಿಡ್ಕೊಂಡ ಕೂಲಿನೇ ಕೂಗ್ತಿದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಅಂತಾನೆ. ಬೈಬಲ್ಲಿಗೆ ಬಟ್ಟೆ ಮೇಲೆ ಸಿಟ್ಟು ಬರೋದು ಇಂಥ ಜಾಗದಲ್ಲಿ.

2013ರ ಏಪ್ರಿಲ್ 24, ಬಾಂಗ್ಲಾದೇಶದ ಢಾಕಾ ಹತ್ರ ರಾಣಾ ಪ್ಲಾಜಾ ಬಿತ್ತು. ಹಿಂದಿನ ದಿನಾನೇ ಗೋಡೆ ಬಿರುಕು ಬಿಟ್ಟಿತ್ತು, ಕೆಳಗಿದ್ದ ಬ್ಯಾಂಕು ಅಂಗಡಿಗಳು ಬಾಗಿಲು ಹಾಕಿದ್ವು, ಮೇಲಿನ ಗಾರ್ಮೆಂಟ್ ಫ್ಯಾಕ್ಟರಿಯೋರನ್ನ ಮಾತ್ರ ವಾಪಸ್ ಕೆಲ್ಸಕ್ಕೆ ಕರೆಸಿದ್ರು. 1,134 ಜನ ಸತ್ರು. ಒಂದು ವಾರ ಆದ್ಮೇಲೆ ಮೇ 1ಕ್ಕೆ ಪೋಪ್ ಫ್ರಾನ್ಸಿಸ್ ಪೂಜೆಯಲ್ಲಿ, ಸತ್ತೋರಿಗೆ ಸಿಗ್ತಿದ್ದ ಸಂಬಳ ತಿಂಗಳಿಗೆ 38 ಯೂರೋ ಅಂತ ಓದಿ ತಿಳ್ಕೊಂಡೆ, ಇದು ಗುಲಾಮರ ದುಡಿಮೆ ಅಂದ್ರು. ಆ ವಾರ ನಾನು ಲೈನ್ ಮೇಲೆ ನಿಂತಿದ್ದೆ. ನಮ್ ಬಿಲ್ಡಿಂಗ್ ಗೋಡೆಗಳನ್ನೆಲ್ಲಾ ಕಣ್ಣಲ್ಲೇ ಸವರ್ಕೊಂಡು ನೋಡ್ತಿದ್ದೆ, ಮಿಷನ್ ಮೇಲೆ ಕೂತಿದ್ದ ಹೆಣ್ಮಕ್ಕಳೂ ನೋಡ್ತಿದ್ರು, ಯಾರೂ ಏನೂ ಮಾತಾಡ್ಲಿಲ್ಲ.

ಮಾಲೀಕರು ಕ್ರೈಸ್ತರಾದ್ರೆ ಸರಿಹೋಗುತ್ತಾ ಅಂದ್ರೆ ಅದೂ ಇಲ್ಲ. ಫಾರೆವರ್ 21 ಶುರು ಮಾಡಿದ್ದು 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ತುಂಬಾ ಭಕ್ತಿ ಇರೋ ಗಂಡ ಹೆಂಡ್ತಿ, ಅವ್ರ ಅಂಗಡಿ ಚೀಲದ ತಳದಲ್ಲಿ ಯೋಹಾನ 3:16 ಅಂತ ಪ್ರಿಂಟ್ ಇರ್ತಿತ್ತು. ಅದೇ ಕಂಪನಿ ಮೇಲೆ ಡಿಸೈನ್ ಕಾಪಿ ಅಂತ ಎಷ್ಟೋ ಕೇಸು ಬಿದ್ವು, ಅವ್ರಿಗೆ ಹೊಲಿದು ಕೊಡ್ತಿದ್ದ ಜಾಗಗಳ ಕೂಲಿ ಬಗ್ಗೆ ಕಾರ್ಮಿಕರು ಬೀದಿಗಿಳಿದ್ರು. ಅವ್ರ ಭಕ್ತಿ ಸುಳ್ಳು ಅಂತ ನಾನು ಹೇಳ್ತಿಲ್ಲ, ಅದು ದೇವರಿಗೆ ಬಿಟ್ಟಿದ್ದು. ವಚನ ಚೀಲದ ತಳಕ್ಕೆ ಬಂದ್ರೆ ಸಾಲ್ದು, ಒಂದು ಪೀಸಿಗೆ ಎಷ್ಟು ಖರ್ಚು ಅಂತ ಲೆಕ್ಕ ಹಾಕೋ ಕಾಸ್ಟಿಂಗ್ ಶೀಟಿಗೂ ಬರ್ಬೇಕು ಅಂತ ಹೇಳ್ತಿದೀನಿ.

ಈಗ ನಿಮ್ಮ ಟೇಬಲ್ಲಿಗೆ ಬರ್ತೀನಿ. ಡಿಸೈನರ್ ಕೈಲಿ ಏನೂ ಇಲ್ಲ, ಎಲ್ಲಾ ಮೇಲಿನೋರದ್ದು ಅಂತ ಅಸಿಸ್ಟೆಂಟ್‌ಗಳು ಹೇಳ್ತಾರೆ. ಇದೆ. ಬಟ್ಟೆ ಹೇಗೆ ಹೊಲೀಬೇಕು ಅಂತ ವಿವರ ಬರೆದು ನೀವು ಫ್ಯಾಕ್ಟರಿಗೆ ಕಳ್ಸೋ ಟೆಕ್ ಪ್ಯಾಕ್‌ನಲ್ಲಿ ಒಂದು ಪಾಕೆಟ್ ಫ್ಲ್ಯಾಪ್ ಹೆಚ್ಚಾದ್ರೆ ಒಂದು ಪೀಸಿಗೆ ಇಷ್ಟು ಸೆಕೆಂಡ್ ಅಂತ ಹೆಚ್ಚುತ್ತೆ, ರೇಟ್ ಮೊದಲೇ ಫಿಕ್ಸ್ ಆಗಿದ್ರೆ ಆ ಸೆಕೆಂಡು ಹೊಲಿಯೋಳ ಮೈಯಿಂದ ಬರುತ್ತೆ. ಸ್ಯಾಂಪಲ್ ಓಕೆ ಆದ್ಮೇಲೆ ಬಟನ್ ಬದಲಾಯಿಸಿ, ಕಾಲರ್ ಅರ್ಧ ಸೆಂಟಿಮೀಟರ್ ಕಮ್ಮಿ ಮಾಡಿ ಅಂತ ಮೇಲ್ ಬರುತ್ತಲ್ಲ, ಶಿಪ್‌ಮೆಂಟ್ ಡೇಟ್ ಮಾತ್ರ ಅಲ್ಲಾಡಲ್ಲ, ಲೇಟಾದ್ರೆ ವಿಮಾನದಲ್ಲಿ ಕಳ್ಸೋ ಖರ್ಚು ಫ್ಯಾಕ್ಟರಿ ಮೇಲೆ. ಆಗ ಏನಾಗುತ್ತೆ ಗೊತ್ತಾ, ರಾತ್ರಿ ಓವರ್‌ಟೈಮ್, ಇಲ್ಲಾ ಕದ್ದುಮುಚ್ಚಿ ಹೊರಗಡೆ ಸಣ್ಣ ಶೆಡ್‌ಗಳಿಗೆ ಸಬ್‌ಕಾಂಟ್ರ್ಯಾಕ್ಟ್, ಅಲ್ಲಿಗೆ ಯಾವ ಆಡಿಟ್‌ನೋರೂ ಹೋಗಲ್ಲ. ನಾನೇ ಅಂಥ ಮೇಲ್‌ಗಳಿಗೆ ಓಕೆ ಅಂತ ಉತ್ತರ ಬರೆದಿದೀನಿ. ಒಬ್ಬಳು ಮಗು ಜ್ವರ ಅಂತ ಮನೆಗೆ ಹೋಗ್ತೀನಿ ಅಂದಾಗ ಇನ್ನೊಂದ್ ಗಂಟೆ ಇರಮ್ಮ ಅಂತ ಕೂರ್ಸಿದೀನಿ. ಅವಳ ಮುಖ ಪ್ರಾರ್ಥನೆಗೆ ಕಣ್ಮುಚ್ಚಿದ್ರೆ ಈಗ್ಲೂ ಬರುತ್ತೆ.

ಇಕ್ಕಟ್ಟಿನದಾರಿ ಬ್ರದರ್ ಹೇಳಿದ್ದೂ ನಿಜ, ಅವ್ರು ಬಿಟ್ಟಿದ್ದು ಸರೀನೇ. ಆದ್ರೆ ಎಲ್ಲಾ ವಿಶ್ವಾಸಿಗಳೂ ಬಿಟ್ಟು ಹೋದ್ರೆ ಆ ಮೇಲ್ ಕಳ್ಸೋ ಮುಂಚೆ ಒಂದ್ ನಿಮಿಷ ಯೋಚಿಸೋರು ಯಾರಿರ್ತಾರೆ? ನನ್ ಅಭಿಪ್ರಾಯ, ಇರಿ. ಕೆಲ್ಸ ಗೊತ್ತಿರೋಳಾಗಿ ಇರಿ.

ಮೇಣದಬೆಳಕು:

ನಾನು ಕಥೋಲಿಕಳು, ನಿಮ್ಮ ಎರಡನೇ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ, ಮೊದಲನೇದಕ್ಕೆ ಲೈನ್‌7 ಅಣ್ಣ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳೋಕೆ ನಂಗೆ ಬರಲ್ಲ.

ದೊಡ್ಡ ಡಿಸೈನರ್‌ಗಳಲ್ಲಿ ಎಷ್ಟೋ ಜನ ಚರ್ಚ್ ನೆರಳಲ್ಲೇ ಬೆಳೆದೋರು. ಶನೆಲ್ ಬೆಳೆದಿದ್ದು ಫ್ರಾನ್ಸಿನ ಓಬಜೀನ್ ಅನ್ನೋ ಊರಲ್ಲಿ, ಸಿಸ್ಟರ್‌ಗಳು ನಡೆಸ್ತಿದ್ದ ಅನಾಥಾಲಯದಲ್ಲಿ, ಆಮೇಲೆ ಶನೆಲ್ ಮಾಡಿದ ಕಪ್ಪು ಬಿಳುಪು ಬಟ್ಟೆ ನೋಡಿದ್ರೆ ಆ ಸಿಸ್ಟರ್‌ಗಳ ಉಡುಪು ನಂಗೆ ಕಣ್ಮುಂದೆ ಬರುತ್ತೆ. ಸ್ಪೇನಿನ ಬಾಲೆನ್ಸಿಯಾಗ ಪಕ್ಕಾ ಕಥೋಲಿಕ, ಅವ್ರ 1967ರ ಮದುವೆ ಗೌನ್ ಫೋಟೋ ಹುಡುಕಿ ನೋಡಿ, ಒಂದು ಅಲಂಕಾರ ಇಲ್ಲ, ತಲೆ ಮೇಲಿನ ಮುಸುಕೂ ಅದೇ ಬಿಳಿ ಬಟ್ಟೆ, ಒಬ್ಬ ಸನ್ಯಾಸಿನಿ ನಿಂತ ಹಾಗಿದೆ. ಒಂದು ಶಿಲುಬೆನೂ ಇಲ್ಲ ಅದರಲ್ಲಿ, ಆದ್ರೂ ಪ್ರಾರ್ಥನೆ ಥರ ಇದೆ. ಪ್ಯಾರಿಸಿನ ಹೊಲಿಗೆ ಮನೆಗಳಲ್ಲಿ ನವೆಂಬರ್ 25ಕ್ಕೆ ಸಂತ ಕ್ಯಾಥರೀನಳ ಹಬ್ಬ ಮಾಡ್ತಾರೆ, 25 ತುಂಬಿ ಮದುವೆ ಆಗದ ಕೆಲ್ಸದ ಹುಡುಗಿಯರಿಗೆ ಹಸಿರು ಹಳದಿ ಟೋಪಿ.

2018ರಲ್ಲಿ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನಲ್ಲಿ ಫ್ಯಾಷನ್ ಮತ್ತು ಕಥೋಲಿಕ ಕಲ್ಪನೆ ಅಂತ ಪ್ರದರ್ಶನ ಇಟ್ಟಾಗ ವ್ಯಾಟಿಕನ್ ತಾನೇ ಸುಮಾರು 40 ವಸ್ತು ಕಳಿಸ್ತು, 16 ಲಕ್ಷಕ್ಕೂ ಹೆಚ್ಚು ಜನ ನೋಡಿದ್ರು. ಉದ್ಘಾಟನೆಯ ಗಾಲಾ ಔತಣಕ್ಕೆ ಗಾಯಕಿ ರಿಹಾನಾ ಬಿಷಪ್‌ಗಳ ಎತ್ತರದ ಟೋಪಿ ಥರದ್ದು ಹಾಕ್ಕೊಂಡು ಬಂದ್ಲು, ಅದೇ ಗಾಲಾಗೆ ಕಾರ್ಡಿನಲ್ ಡೋಲನ್ ಕೂಡ ಬಂದಿದ್ರು, ನಮ್ಮೋರಲ್ಲಿ ಎಷ್ಟೋ ಜನಕ್ಕೆ ಇದೆಲ್ಲಾ ನೋವಾಯ್ತು. ನಂಗೆ ಮನಸ್ಸಿಗೆ ಹಿಡಿಸಿದ್ದು ಒಂದು ಸಣ್ಣ ವಿಷ್ಯ, ವ್ಯಾಟಿಕನ್ ವಸ್ತ್ರಗಳನ್ನ ಡಿಸೈನರ್ ಬಟ್ಟೆಗಳ ಪಕ್ಕ ಇಡ್ಲಿಲ್ಲ, ಬೇರೆ ಜಾಗದಲ್ಲೇ ಇಟ್ರು. ಎರಡೂ ಚೆಂದ, ಆದ್ರೆ ಒಂದು ಪೂಜೆಗೆ ಉಡೋದು, ಇನ್ನೊಂದು ನೋಡೋಕೆ. ನೀವು ಕೇಳಿದ ಗಡಿ ಇದೇ ಥರ ಏನೋ ಅನ್ಸುತ್ತೆ.

ಕೋರ್ಟಲ್ಲಿ ಉತ್ತರ ಸಿಗಲ್ಲ. ಲಿಥುವೇನಿಯಾದಲ್ಲಿ 2012ರಲ್ಲಿ ಒಂದು ಕಂಪನಿ ಬಟ್ಟೆ ಜಾಹೀರಾತಿಗೆ ಯೇಸು ಮರಿಯ ಥರ ಮಾಡೆಲ್‌ಗಳನ್ನ ನಿಲ್ಲಿಸಿ, ಯೇಸುವೇ ಎಂಥಾ ಪ್ಯಾಂಟು ಅನ್ನೋ ಥರದ ಸಾಲು ಹಾಕಿತ್ತು, ಸರ್ಕಾರ 2,000 ಲಿತಾಸ್ (ಅಲ್ಲಿನ ಆಗಿನ ಹಣ) ದಂಡ ಹಾಕ್ತು, 2018ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ದಂಡ ಹಾಕಿದ್ದೇ ತಪ್ಪು ಅಂತು. ನಂಗೆ ಆ ತೀರ್ಪು ಸರಿ ಅನ್ಸುತ್ತೆ, ನನ್ ದೇವರ ಮರ್ಯಾದೆನ ದಂಡ ಹಾಕಿ ಕಾಪಾಡೋದು ಬೇಡ. ಆದ್ರೆ ಹಕ್ಕಿದೆ ಅಂದ ಮಾತ್ರಕ್ಕೆ ನೀವೇ ಬರೀಬೇಕು ಅಂತಿಲ್ಲ. 2019ರಲ್ಲಿ ಎಂಎಸ್‌ಸಿಎಚ್‌ಎಫ್ ಅನ್ನೋ ಅಮೆರಿಕಾದ ಕಲಾವಿದರ ಗುಂಪಿನೋರು ನೈಕಿ ಶೂ ಅಟ್ಟೆಗೆ ಯೊರ್ದಾನ್ ನದಿ ನೀರು ತುಂಬಿ ಯೇಸು ಶೂ ಅಂತ 1,425 ಡಾಲರ್‌ಗೆ ಮಾರಿದ್ರು, ನೀರಿನ ಮೇಲೆ ನಡೆದ ವಚನ ಮತ್ತಾಯ 14:25, ಅದರ ಲೆಕ್ಕ. ಒಂದೇ ನಿಮಿಷದಲ್ಲಿ ಖಾಲಿ. 2021ರಲ್ಲಿ ಅವ್ರೇ ಸೈತಾನನ ಶೂ ಮಾಡಿದಾಗ ಮಾತ್ರ ದೊಡ್ಡ ಗಲಾಟೆ ಆಯ್ತು. ನಂಗೆ ಹೆಚ್ಚು ನೋವಾಗಿದ್ದು ಮೊದಲನೇದಕ್ಕೆ.

ಶಿಲುಬೆ ಮೊದಲು ಕೊಲ್ಲೋ ಸಾಧನ, ಅವಮಾನದ ಸಾವು, ಆರಂಭದ ಕ್ರೈಸ್ತರು ಶಿಲುಬೆ ಮೇಲಿನ ಯೇಸುವಿನ ಚಿತ್ರ ಬರೆದಿದ್ದೇ ಕಮ್ಮಿ, ರೋಮಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಿನ ಮೇಲೆ ಇರೋದು 5ನೇ ಶತಮಾನದ್ದು, ತೀರಾ ಹಳೇದು ಅನ್ನೋ ಚಿತ್ರಗಳಲ್ಲಿ ಅದೂ ಒಂದು. ಅಷ್ಟು ಹೊತ್ತು ಬೇಕಾಯ್ತು ಅವ್ರಿಗೆ ಅದನ್ನ ನೋಡೋಕೆ. ಬಣ್ಣದ ಗಾಜಿನ ಕಿಟಕಿ ಬೆಳಕು ನಿಮ್ ಸ್ಕರ್ಟ್ ಮೇಲೆ ಬಂದ್ರೆ ನಂಗೇನೂ ಬೇಜಾರಿಲ್ಲ, ಖುಷಿನೇ. ಮುಳ್ಳಿನ ಕಿರೀಟ ಒಬ್ಬರಿಗೆ ನೋವು ಕೊಟ್ಟ ವಸ್ತು, ಅದರ ಮೇಲೆ ಜನ ಕೂರೋ ಹಾಗೆ ನಾನಾದ್ರೆ ಬರೀತಿರ್ಲಿಲ್ಲ.

ಸೂಜಿಮೊನೆ:

ಎಲ್ರಿಗೂ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ, ಆಫೀಸ್ ಮೆಟ್ಟಿಲ ಮೇಲೆ ಕೂತು ಎರಡು ಸಲ ಓದ್ದೆ. ಮೇಣದಬೆಳಕು ಅಕ್ಕಾ, ನಂಗೆ ಯಾಕೆ ಕೈ ಓಡ್ತಿಲ್ಲ ಅಂತ ನಂಗೇ ಹೇಳೋಕೆ ಬರ್ತಿರ್ಲಿಲ್ಲ, ಅದರ ಮೇಲೆ ಜನ ಕೂರ್ತಾರೆ ಅಂದ್ರಲ್ಲ, ಅದೇ. ಇವತ್ತು ಹೆಡ್ ಡಿಸೈನರ್ ಹತ್ರ ಹೋಗಿ ಈ ಪ್ರಿಂಟ್ ನನ್ ಕೈಲಿ ಆಗಲ್ಲ, ಬದಲಿಗೆ ಕಿಟಕಿ ಗಾಜಿನ ಪ್ಯಾನೆಲ್ ಮಾಡ್ಕೊಡ್ತೀನಿ ಅಂದೆ. ಯಾಕೆ ಅಂತ ಕೇಳಿದ್ರು, ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಸರಿ ಪ್ಯಾನೆಲ್ ತೋರ್ಸು ಅಂದ್ರು. ಮುಳ್ಳಿನ ಕಿರೀಟ ಬೇರೆಯೋರಿಗೆ ಕೊಟ್ಟಿದಾರೆ, ಅದು ನಿಲ್ಲಲ್ಲ, ಗೊತ್ತು.

ಇಕ್ಕಟ್ಟಿನದಾರಿ ಅಣ್ಣಾ, ನೀವು ಬರೆದಿದ್ದು ಓದಿ ಬೇಜಾರಾಗ್ಲಿಲ್ಲ, ಭಯ ಆಯ್ತು, ಯಾಕಂದ್ರೆ ಫಿಟ್ಟಿಂಗ್‌ಗೆ ಬರೋ ಮಾಡೆಲ್ ಹುಡುಗಿಗೆ ಹೋದ ವಾರ ನಾನೇ ಸೊಂಟ ಇನ್ನೊಂದಿಂಚು ಕಮ್ಮಿ ಇದ್ದಿದ್ರೆ ಕೂರ್ತಿತ್ತು ಅಂದಿದ್ದೆ. ಬಟ್ಟೆ ಸರಿಮಾಡ್ಬೇಕಿತ್ತು, ಅವಳನ್ನಲ್ಲ. ನಾಳೆ ಬರ್ತಾಳೆ, ಕ್ಷಮೆ ಕೇಳ್ತೀನಿ.

ಲೈನ್‌7 ಅಣ್ಣಾ ಒಂದು ಕೇಳ್ಲಾ? ನಮ್ಮಲ್ಲಿ ಸ್ಯಾಂಪಲ್ ಓಕೆ ಆದ್ಮೇಲೂ ಬದಲಾವಣೆ ಬರುತ್ತೆ, ಅದು ನನ್ ಕೈಲಿ ನಿಲ್ಸೋಕಾಗಲ್ಲ, ಆದ್ರೆ ಮೇಲ್ ಟೈಪ್ ಮಾಡೋದು ನಾನೇ. ಎಷ್ಟು ದಿನ ಹೆಚ್ಚು ಕೊಡಿ ಅಂತ ಬರೀಬೇಕು?

ಇಕ್ಕಟ್ಟಿನದಾರಿ:

ಸಹೋದರಿ, ನಿಮಗೋಸ್ಕರ ಪ್ರಾರ್ಥನೆ ಮಾಡ್ತಿದೀನಿ. ನೀವು ಆ ಕೆಲ್ಸದಲ್ಲಿ ಇರ್ಬೇಕು ಅಂತ ನಂಗೆ ಈಗ್ಲೂ ಅನ್ಸಲ್ಲ, ಆದ್ರೆ ಆ ಹುಡುಗಿ ಹತ್ರ ಕ್ಷಮೆ ಕೇಳ್ತೀನಿ ಅಂದ್ರಲ್ಲ, ನಾನು ಆರು ವರ್ಷದಲ್ಲಿ ಒಬ್ಬಳ ಹತ್ರನೂ ಕೇಳಿಲ್ಲ.

ಲೈನ್‌7:

ದಿನ ನೀವು ಬರೀಬೇಡಿ ಅಕ್ಕಾ. ಫ್ಯಾಕ್ಟರಿಯೋರನ್ನ ಕೇಳಿ, ಈ ಬದಲಾವಣೆಗೆ ಓವರ್‌ಟೈಮ್ ಇಲ್ದೆ ಎಷ್ಟು ದಿನ ಬೇಕು ಅಂತ, ಓವರ್‌ಟೈಮ್ ಇಲ್ದೆ ಅನ್ನೋ ಮಾತು ಮೇಲ್‌ನಲ್ಲಿ ಇರ್ಲೇಬೇಕು, ಇಲ್ಲಾಂದ್ರೆ ಅವ್ರು ಆರ್ಡರ್ ಹೋಗುತ್ತೆ ಅಂತ ಹೆದರಿ ಎರಡು ದಿನ ಅಂತಾರೆ. ನಿಮ್ ಬಾಸ್‌ಗೂ ಒಂದು ಕಾಪಿ ಹಾಕಿ. ಮತ್ತೆ ಬರೋ ಬದಲಾವಣೆನೆಲ್ಲ ಒಂದೊಂದಾಗಿ ಕಳ್ಸಬೇಡಿ, ಸೇರ್ಸಿ ಒಂದೇ ಸಲ ಕಳ್ಸಿ, ಲೈನ್ ಒಂದ್ ಸಲ ನಿಲ್ಸಿ ಮತ್ತೆ ಸೆಟ್ ಮಾಡೋಕೆ ಅರ್ಧ ದಿನ ಹೋಗುತ್ತೆ, ಆ ಅರ್ಧ ದಿನ ಆಮೇಲೆ ಅವ್ರ ರಾತ್ರಿಯಿಂದ ಕಿತ್ಕೋತಾರೆ.